ಬೆಂಗಳೂರು ಎಚ್ಚರಿಸಿತ್ತು!

ಎಂಜಿನಿಯರಿಂಗ್ ಓದುವಾಗ ನನಗೆ ನೆಟ್‌ವರ್ಕ್ ಸೆಕ್ಯುರಿಟಿ ಅಂದ್ರೆ ಪರೀಕ್ಷೆಯಲ್ಲಿ ಬಿಡಿಸೋ ಚಿತ್ರ. ನಾಲ್ಕು ಚೌಕ, ನಾಲ್ಕು ಬಾಣ, ನಡುವೆ ಫೈರ್‌ವಾಲ್. ಆ ಚಿತ್ರ ನಿಜವಾದ ಕಂಪನಿಯಲ್ಲಿ ಹೇಗೆ ಕೈಕೊಡುತ್ತೆ ಅಂತ ಅರ್ಥವಾಗಿದ್ದು ಟಾರ್ಗೆಟ್ ಪ್ರಕರಣ ಓದಿದಾಗ.

ಟಾರ್ಗೆಟ್ ಅಮೆರಿಕದ ದೊಡ್ಡ ಅಂಗಡಿ ಸರಣಿ. ಕಾರ್ಡ್ ವ್ಯವಹಾರಕ್ಕೆ ಪಿಸಿಐ ಡಿಎಸ್‌ಎಸ್ ಅನ್ನೋ ಸುರಕ್ಷತಾ ಮಾನದಂಡವಿದೆ. 2013ರ ಸೆಪ್ಟೆಂಬರಿನಲ್ಲಿ ಟಾರ್ಗೆಟ್ ಅದರಲ್ಲಿ ಪಾಸಾಗಿತ್ತು. ನವೆಂಬರಿನಲ್ಲಿ ಕಳ್ಳರು ಒಳಗೆ! ಯಾವ ಬಾಗಿಲಿನಿಂದ ಗೊತ್ತಾ? ಅಂಗಡಿಗಳ ಶೈತ್ಯಾಗಾರ ನೋಡಿಕೊಳ್ಳುವ ಗುತ್ತಿಗೆದಾರನ ಪಾಸ್‌ವರ್ಡ್ ಕದ್ದು. ಗುತ್ತಿಗೆದಾರ ಬಿಲ್ ಕಳಿಸುವ ಜಾಗದಿಂದ ಗ್ರಾಹಕರು ಕಾರ್ಡ್ ಉಜ್ಜುವ ಕ್ಯಾಶ್ ಕೌಂಟರ್‌ವರೆಗೆ ನುಸುಳಿದರು. ನಡುವೆ ಇರಬೇಕಿದ್ದ ಗೋಡೆ ಅವರನ್ನು ತಡೆಯಲಿಲ್ಲ.

ಈಗ ನಮ್ಮೂರಿನ ಮಾತು. 16 ಲಕ್ಷ ಡಾಲರ್ ಸುರಿದು ಹಾಕಿಸಿದ್ದ ಫೈರ್‌ಐ ವ್ಯವಸ್ಥೆಗೆ ಹಗಲು ರಾತ್ರಿ ಕಾವಲಿದ್ದದ್ದು ಬೆಂಗಳೂರಿನ ತಂಡ. ನವೆಂಬರ್ 30ರಂದು ಅಲಾರಂ ಹೊಡೆಯಿತು, ತಂಡ ಮಿನಿಯಾಪೊಲಿಸ್‌ನ ಮುಖ್ಯ ಕಚೇರಿಗೆ ತಿಳಿಸಿತು, ಅಲ್ಲಿ ಯಾರೂ ಕದಲಲಿಲ್ಲ ಅಂತ 2014ರಲ್ಲಿ ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್ ಬರೆಯಿತು. ಮಾಲ್‌ವೇರನ್ನು ತಾನಾಗಿಯೇ ಅಳಿಸುವ ಸೌಲಭ್ಯವೂ ಅದರಲ್ಲಿತ್ತಂತೆ. ಆಫ್ ಮಾಡಿಟ್ಟಿದ್ದರು!

ಅವರ ಕಷ್ಟವೂ ಇತ್ತು ಅನ್ನಿ. ದಿನವಿಡೀ ಅಲಾರಂ ಹೊಡೆಯೋ ಕಡೆ ಯಾವುದು ನಿಜ ಅಂತ ಹೇಳೋದು ಸುಲಭವಲ್ಲ. ಆದರೆ ಯಾರು ಹೇಳಿದರೆ ಯಾರು ಎದ್ದು ಓಡಬೇಕು ಅನ್ನೋದನ್ನ ಯಂತ್ರ ತೀರ್ಮಾನಿಸಲ್ಲ.

4 ಕೋಟಿ ಕಾರ್ಡ್‌ಗಳ ವಿವರ ಹೋಯಿತು. 2014ರ ಮಾರ್ಚ್‌ನಲ್ಲಿ ಐಟಿ ಮುಖ್ಯಸ್ಥೆ, ಮೇನಲ್ಲಿ ಸಿಇಒ ಕುರ್ಚಿ ಬಿಟ್ಟರು. ಮಾಹಿತಿ ಸುರಕ್ಷತೆಗೇ ಅಂತ ಒಬ್ಬ ಮುಖ್ಯಾಧಿಕಾರಿಯನ್ನು ಟಾರ್ಗೆಟ್ ಮೊದಲ ಬಾರಿಗೆ ನೇಮಿಸಿದ್ದು ಜೂನ್‌ನಲ್ಲಿ.