ರೈತ ಎಂಬ ಮಾತು ಎಲ್ಲಿಂದ ಬಂತು

ಕೂಡ್ಲಿಗಿಯ ತಾಲ್ಲೂಕು ಕಚೇರಿಗೆ ಹೋದವರು ಅರ್ಧ ಗಂಟೆಯಲ್ಲಿ ಎಷ್ಟು ಅರಬಿ, ಪಾರಸಿ ಮಾತಾಡುತ್ತಾರೆ ಎಂದು ನಾನು ಒಮ್ಮೊಮ್ಮೆ ಎಣಿಸುತ್ತೇನೆ. ತಹಸೀಲ್ದಾರ, ಅರ್ಜಿ, ಜಮಾಬಂದಿ, ವಕೀಲ, ಕಾಯಿದೆ, ಹಕ್ಕು, ಜವಾಬು. ಸರ್ಕಾರ ಎಂಬುದೂ ಪಾರಸಿಯೇ. ಆದರೆ ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು 'ರೈತ' ಎಂಬ ಮಾತು. ನಾವು ಅಪ್ಪಟ ನಮ್ಮದೆಂದು ತಿಳಿದ ಈ ಪದದ ಬೇರು ಅರಬಿಯ 'ರಈಯತ್'. ಅದರ ಮೂಲಾರ್ಥ ಮೇಯಿಸಲ್ಪಡುವ ಮಂದೆ.

ಕುರಿಹಟ್ಟಿಗಳ ಸೀಮೆ ನಮ್ಮದು. ಮಂದೆಯಲ್ಲಿ ಒಂದು ಮರಿ ತೋಳದ ಪಾಲಾದರೆ ಕುರಿಗಾಹಿ ಯಜಮಾನನಿಗೆ ಉತ್ತರ ಹೇಳಬೇಕು. ಪ್ರವಾದಿ ಮುಹಮ್ಮದರದೆಂದು ಹದೀಸ್ ಸಂಗ್ರಹಗಳಲ್ಲಿ ಬರುವ ಒಂದು ಬೋಧೆಯ ಸಾರವೂ ಇದೇ: ಪ್ರತಿಯೊಬ್ಬನೂ ಕಾಯುವವನು, ತಾನು ಕಾಯುವ ಮಂದೆಗೆ ಹೊಣೆಗಾರ. ಈ ಆದರ್ಶದಲ್ಲಿ ಆಳುವವನು ಕಾನೂನಿನ ಕರ್ತೃವಲ್ಲ. ಕಾನೂನು ಅವನಿಗಿಂತ ಮೊದಲೇ ಇದೆ, ಖಾಜಿಯ ಮುಂದೆ ಅವನೂ ನಿಲ್ಲಬೇಕು. ಬೊಕ್ಕಸ ಅವನದಲ್ಲ, ಅವನ ವಶಕ್ಕೆ ಕೊಟ್ಟದ್ದು. ಕೆಲಸಕ್ಕೆ ಮೊದಲು ಸಮಾಲೋಚನೆ, ಅಂದರೆ 'ಶೂರಾ', ನಡೆಯಬೇಕು. 632ರಲ್ಲಿ ಅಬೂಬಕರ್ ಖಲೀಫರಾದದ್ದು ಮದೀನದಲ್ಲಿ ಸೇರಿದವರ ಒಪ್ಪಿಗೆಯಿಂದ. ಉಮರ್ ಸಾಯುವಾಗ ಮುಂದಿನವರನ್ನು ಆರಿಸಲು ಆರು ಜನರ ಮಂಡಲಿಯನ್ನು ನೇಮಿಸಿದರು. 661ರ ಹೊತ್ತಿಗೆ ಅಧಿಕಾರ ಉಮಯ್ಯಾ ಮನೆತನಕ್ಕೆ ಹೋಯಿತು. ಅಲ್ಲಿಂದ ಮುಂದೆ ಅಪ್ಪನ ಗದ್ದುಗೆ ಮಗನಿಗೆ. ಹದಿನಾಲ್ಕನೆಯ ಶತಮಾನದ ದಿಲ್ಲಿಯಲ್ಲಿ ಜಿಯಾವುದ್ದೀನ್ ಬರನಿ, ಸುಲ್ತಾನರ ದರ್ಬಾರಿನ ವೈಭವಕ್ಕೂ ಪ್ರವಾದಿಯ ಬದುಕಿಗೂ ಹೊಂದುವುದಿಲ್ಲ, ಆದರೂ ರಾಜ್ಯ ನಡೆಯಲು ಅದು ಬೇಕು ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಈ ಆದರ್ಶಕ್ಕೆ ತನ್ನದೇ ಮಿತಿಯೂ ಇತ್ತು. ಮುಸ್ಲಿಮೇತರರಿಗೆ ರಕ್ಷಣೆ ಇತ್ತು, ಜೆಜಿಯಾ ಕೊಟ್ಟು ಬದುಕುವ ಸ್ಥಾನವಿತ್ತು, ಸಮಪಾಲು ಇರಲಿಲ್ಲ.

ಇನ್ನು ನಮ್ಮ ಕಡೆಯದು. ಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಪ್ರಾಕೃತದಲ್ಲಿವೆ. ನಾಲ್ಕನೆಯ ಶತಮಾನದವೆಂದು ಎಣಿಸುತ್ತಾರೆ. ಕಂಚಿಯಿಂದ ಹೊರಟ ಆ ಆಜ್ಞೆ ಒಂದು ತೋಟವನ್ನು ಬ್ರಾಹ್ಮಣರಿಗೆ ದತ್ತಿ ಕೊಟ್ಟು, ಅಲ್ಲಿಂದ ಹಾಲು ಮೊಸರು, ಹುಲ್ಲು ಕಟ್ಟಿಗೆ, ತರಕಾರಿ ಹೂವು ಕೇಳಕೂಡದು, ಬಿಟ್ಟಿ ದುಡಿಸಕೂಡದು ಎಂದು ಅಧಿಕಾರಿಗಳಿಗೆ ತಾಕೀತು ಮಾಡುತ್ತದೆ. ಓದಿದಾಗಲೆಲ್ಲ ನನಗೆ ತೋರುವುದು ಇದರ ಹಿಮ್ಮುಖ: ಉಳಿದ ಊರುಗಳಲ್ಲಿ ಇದನ್ನೆಲ್ಲ ಕೇಳುತ್ತಿದ್ದರು. ಧರ್ಮಕ್ಕೆ ರಾಜ ಅಧೀನ ಎಂಬುದು ಇಲ್ಲಿಯ ಆದರ್ಶ, ಆದರೆ ಬಿಡುಗಡೆ ಸಿಗುತ್ತಿದ್ದುದು ಅರಸನ ಕೃಪೆಗೆ ಪಾತ್ರರಾದವರಿಗೆ.

ವಿಜಯನಗರದ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು; ಸುರತ್ರಾಣ ಎಂದರೆ ಸುಲ್ತಾನ. 1439ರಲ್ಲಿ ಅಹಮದ್ ಖಾನನೆಂಬ ಅಧಿಕಾರಿ ಹಂಪಿಯಲ್ಲಿ ಕಟ್ಟಿಸಿದ ಮಸೀದಿಯನ್ನು ಅದರ ಕನ್ನಡ ಶಾಸನ 'ಧರ್ಮಸಾಲೆ' ಎನ್ನುತ್ತದೆ. ಅದರ ಪುಣ್ಯ ಇಮ್ಮಡಿ ದೇವರಾಯನಿಗೆ. ಎರಡು ರಾಜನೀತಿಗಳು ಎದುರುಬದುರು ನಿಂತಿದ್ದವು ಎನ್ನುವವರಿಗೆ ನಾನು ತೋರಿಸುವುದು ಈ ಶಾಸನವನ್ನು. ನಾಯಕರಿಗೆ ಸೀಮೆ ಬಿಟ್ಟುಕೊಟ್ಟು ದಂಡು ಕೇಳುವ ಅಮರನಾಯಕ ಪದ್ಧತಿಗೂ ಸುಲ್ತಾನರ ಇಕ್ತಾ ಪದ್ಧತಿಗೂ ಇರುವ ಹೋಲಿಕೆ ಬೇರೆಯೇ ಕತೆ.

1565ರ ನಂತರ ನಮ್ಮ ಭಾಗ ಪಾಳೇಗಾರರ ಕೈಗೆ ಬಂತು. ಹರಪನಹಳ್ಳಿಯ ನಾಯಕರು, ಗುಡೇಕೋಟೆ, ಜರಿಮಲೆಯವರು. ಯಾರು ಗಟ್ಟಿಯೋ ಅವರಿಗೆ ಕಪ್ಪ, ಉಳಿದಂತೆ ಊರ ಒಳಗೆ ತಾವೇ ದೊರೆ. 1748ರಲ್ಲಿ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿ ನಾಯಕ ಹರಪನಹಳ್ಳಿಯ ಸೋಮಶೇಖರ ನಾಯಕನ ಕಡೆಯವರ ಎದುರು ಸತ್ತ. ಚಿತ್ರದುರ್ಗದ ಪರವಾಗಿ ಕಾದವನು ಚಂದಾಸಾಹೇಬ. ಪಕ್ಷ ಕಟ್ಟುವಾಗ ಯಾರೂ ಮತ ಕೇಳಿರಲಿಲ್ಲ.

1786ರಲ್ಲಿ ಟಿಪ್ಪು ಹರಪನಹಳ್ಳಿ, ರಾಯದುರ್ಗದ ಪಾಳೇಗಾರರನ್ನು ಸೆರೆಹಿಡಿದು ಸೀಮೆಯನ್ನು ವಶಪಡಿಸಿಕೊಂಡ. ಅವನ ಅಪ್ಪನಿಗೆ ನಿಷ್ಠರಾಗಿದ್ದವರು ಇವರು. ಅದೇ ವರ್ಷ ಅವನ ದೂತರು ಇಸ್ತಾಂಬುಲಿನ ಖಲೀಫನ ಬಳಿಗೆ ಹೊರಟಿದ್ದರು. ರಾಜ್ಯಕ್ಕೆ ಹೆಸರು 'ಸರ್ಕಾರ್-ಎ-ಖುದಾದಾದ್', ದೇವರು ಕೊಟ್ಟ ಸರ್ಕಾರ. ಅವನ ಕಂದಾಯದ ಕಟ್ಟಳೆಗಳಲ್ಲಿ ಮಂದೆ ಕಾಯುವವನ ಕಾಳಜಿ ನಿಜಕ್ಕೂ ಕಾಣುತ್ತದೆ: ಬಡ ರೈತನಿಗೆ ನೇಗಿಲಿಗಾಗಿ ತಗಾವಿ ಸಾಲ ಕೊಡಬೇಕು, ಪಟೇಲ ತನ್ನ ಹೊಲವನ್ನು ರೈತರಿಂದ ಉಳಿಸಬಾರದು. ಜಾಗೀರಿನ ಬದಲು ಸಂಬಳ. ಆದರೆ ಶೂರಾ ಎಲ್ಲಿ? ಸುಲ್ತಾನನನ್ನು ತಡೆದು ಕೇಳುವ ಮಂಡಲಿ ಅಲ್ಲಿರಲಿಲ್ಲ. ಟಿಪ್ಪುವಿನದು ಖಲೀಫರ ಆದರ್ಶಕ್ಕಿಂತ, ಮಧ್ಯವರ್ತಿಗಳನ್ನು ಕಿತ್ತು ರೈತನನ್ನು ನೇರವಾಗಿ ಮುಟ್ಟಲು ಹೊರಟ ಹೊಸಕಾಲದ ರಾಜ್ಯಕ್ಕೆ ಹತ್ತಿರ ಎಂಬುದು ನನ್ನ ಅಭಿಪ್ರಾಯ.

ಆ ಕೆಲಸವನ್ನು ಮುಗಿಸಿದವನು ಥಾಮಸ್ ಮನ್ರೋ. 1799ರಲ್ಲಿ ಟಿಪ್ಪು ಸತ್ತ ಮೇಲೆ ನಿಜಾಮನ ಪಾಲಿಗೆ ಹೋದ ಈ ಸೀಮೆಯನ್ನು ನಿಜಾಮ 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ದತ್ತಮಂಡಲದ ಪ್ರಧಾನ ಕಲೆಕ್ಟರನಾಗಿ ಬಂದ ಮನ್ರೋ ಸುಮಾರು 80 ಪಾಳೇಗಾರರ ಬಲ ಮುರಿದು, ಹೊಲ ಅಳೆಸಿ, ಒಬ್ಬೊಬ್ಬ ರೈತನ ಜೊತೆಗೇ ಕಂದಾಯದ ಕರಾರು ಮಾಡಿದ. ಪದ್ಧತಿಗೆ ಹೆಸರು ರೈತವಾರಿ. ಹಳೆಯ ಮಾತು, ಹೊಸ ಯಜಮಾನ. ಕಂದಾಯ ಹೊರಲಾರದಷ್ಟಿದೆ, ಶೇಕಡಾ 25ರಷ್ಟು ಇಳಿಸಿ ಎಂದು 1807ರಲ್ಲಿ ಅವನೇ ಬರೆದ. ಮೇಲಿನವರು ಒಪ್ಪಲಿಲ್ಲ. ರೈತವಾರಿಯನ್ನೇ ಬಿಟ್ಟು ಊರಿಗೆ ಊರನ್ನೇ ಗುತ್ತಿಗೆ ಕೊಟ್ಟರು, ಗುತ್ತಿಗೆದಾರರೂ ಮುಳುಗಿದರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರನಾಗಿ ಮರಳಿದ ಮೇಲಷ್ಟೇ ಆ ಕಡಿತ ಜಾರಿಗೆ ಬಂತು. ಹದಿಮೂರು ವರ್ಷ! ಪಾಳೇಗಾರನ ಕಾಲದಲ್ಲಾದರೆ ಬಳಲಿದ ರೈತ ಪಕ್ಕದ ಪಾಳೆಯಪಟ್ಟಿಗೆ ಗುಳೆ ಹೋಗಬಹುದಿತ್ತು. ಕಂಪನಿಯ ಕಾಲದಲ್ಲಿ ಆಚೆಗೂ ಕಂಪನಿಯೇ. ಕಾಗದಪತ್ರ ಚೊಕ್ಕವಾಗಿತ್ತು, ಆದರೆ ಆ ಸರ್ಕಾರ ಜವಾಬು ಹೇಳುತ್ತಿದ್ದುದು ಲಂಡನ್ನಿನ ಪಾಲುದಾರರಿಗೆ.

ಮೊನ್ನೆ ಮೊನ್ನೆಯ ಮಾತು ಒಂದಿದೆ. 1997ರಲ್ಲಿ ಹರಪನಹಳ್ಳಿಯನ್ನು ಬಳ್ಳಾರಿಯಿಂದ ತೆಗೆದು ದಾವಣಗೆರೆಗೆ ಸೇರಿಸಿದರು. ಆಮೇಲೆ ಬಂದ ಸಂವಿಧಾನದ 371ಜೆ ಸವಲತ್ತು ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿಯವರಿಗೆ ಸಿಕ್ಕಿತು, ಇವರಿಗೆ ಇಲ್ಲ. ಜನ ಧರಣಿ ಕೂತರು, ಬಂದ್ ಮಾಡಿದರು, ಮನವಿ ಕೊಟ್ಟರು. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರಿನ ಜೊತೆಗೆ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. 1786ರಲ್ಲಾಗಲಿ 1800ರಲ್ಲಾಗಲಿ ಇದೇ ಸೀಮೆ ಕೈಬದಲಾದಾಗ ಇಲ್ಲಿಯ ರೈತನನ್ನು ಯಾರೂ ಕೇಳಿರಲಿಲ್ಲ.