ಚಳ್ಳಕೆರೆ-ಮೊಳಕಾಲ್ಮೂರು ಸೀಮೆಯ ಜನವೃದ್ಧಿಯೂ ವೃದ್ಧಾಪ್ಯವೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳಿರುವುದು ವಾಚಕರಿಗೆ ತಿಳಿದೇ ಇದೆ. 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಇವುಗಳನ್ನು ಬೆಳಕಿಗೆ ತಂದಂದಿನಿಂದ ಪಂಡಿತರು ಇವುಗಳ ಲಿಪಿ, ಭಾಷೆ, ಕಾಲಗಳನ್ನು ಕುರಿತು ಬೇಕಾದಷ್ಟು ಬರೆದಿರುತ್ತಾರೆ. ಆದರೆ ಓದುವಾಗ ನಾವು ಬೇಗನೆ ದಾಟಿಹೋಗುವ ಎರಡು ಮಾತುಗಳು ಅಲ್ಲಿವೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲವೆಂಬ ಪಟ್ಟಣದ ಮಹಾಮಾತ್ರರಿಗೆ ರಾಜಾಜ್ಞೆಯನ್ನು ಕಳುಹುವಾಗ, ಎಲ್ಲಕ್ಕಿಂತ ಮೊದಲು ಅವರಿಗೆ ಆರೋಗ್ಯವನ್ನು ಕೋರುತ್ತಾರೆ. ಇದು ಒಂದು. ತಂದೆತಾಯಿಗಳ ಸೇವೆ, ಹಿರಿಯರಲ್ಲಿ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವನ್ನು ವಿಧಿಸಿದ ಮೇಲೆ, ಇದು ಪುರಾತನವಾದ ನಡವಳಿಕೆಯೆಂದೂ ದೀರ್ಘಾಯುಸ್ಸಿಗೆ ಕಾರಣವೆಂದೂ ಹೇಳಿರುವುದು ಇನ್ನೊಂದು. ಇದೇ ಚಕ್ರವರ್ತಿಯು ಬೇರೆ ಶಾಸನಗಳಲ್ಲಿ ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯನ್ನು ಏರ್ಪಡಿಸಿದುದನ್ನೂ, ಅನಾಥರ ಮತ್ತು ವೃದ್ಧರ ಹಿತಕ್ಕಾಗಿ ಧರ್ಮಮಹಾಮಾತ್ರರನ್ನು ನೇಮಿಸಿದುದನ್ನೂ ತಿಳಿಸಿದ್ದಾನೆ.

ಹೀಗೆ ದೀರ್ಘಾಯುಸ್ಸಿನ ಮಾತು ಈ ಬಂಡೆಗಳ ಮೇಲೆ ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ನಿಂತಿದ್ದಿತು. ದೀರ್ಘಾಯುಸ್ಸು ಮಾತ್ರ ಈ ಸೀಮೆಯ ಜನಸಾಮಾನ್ಯರಿಗೆ ಬಂದುದು ನಮ್ಮ ನಿಮ್ಮ ತಾತಂದಿರ ಕಾಲದಿಂದೀಚೆಗೆ. ಹಿಂದಿನವರು ನೂರು ವರ್ಷ ಬಾಳುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಬಾಳಿದವರು ಕೆಲವರಿದ್ದರು, ಅವರ ಹೆಸರು ಉಳಿಯಿತು. ತೊಟ್ಟಿಲಲ್ಲಿಯೇ ಹೋದವರಿಗೆ ಹೆಸರೇ ಇರಲಿಲ್ಲ. 1947ರ ಸುಮಾರಿಗೆ ಭಾರತದಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಃಪ್ರಮಾಣವು 32 ವರ್ಷಗಳಷ್ಟಿದ್ದಿತೆಂಬುದನ್ನು ನೆನೆದರೆ ಸಾಕು.

ಈ ಸೀಮೆಯು ಮಳೆಗೆ ದೂರ. ಪಶ್ಚಿಮದ ಘಟ್ಟಗಳು ಮೋಡದ ಸಾರವನ್ನೆಲ್ಲ ತಾವೇ ಹೀರಿಕೊಂಡ ಮೇಲೆ ಉಳಿದ ಗಾಳಿ ಮಾತ್ರ ಇತ್ತ ಬೀಸುತ್ತದೆ. ವೇದಾವತಿಯು ಹರಿಯುವುದು ವರ್ಷಕ್ಕೆ ಕೆಲವೇ ದಿನ. ಹೀಗಿರಲು 1876ರಿಂದ 1878ರವರೆಗಿನ ಮಹಾಕ್ಷಾಮವು ಮೈಸೂರು ಸಂಸ್ಥಾನದ ಪೂರ್ವಭಾಗದ ಒಣ ಜಿಲ್ಲೆಗಳ ಮೇಲೆ ಬಿದ್ದಾಗ ಆದ ಹಾನಿಯು ಖಾನೇಷುಮಾರಿಯ ಲೆಕ್ಕದಲ್ಲಿಯೇ ಕಾಣಬರುತ್ತದೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. 1881ರಲ್ಲಿ 41 ಲಕ್ಷ 86 ಸಾವಿರ. ಹತ್ತು ವರ್ಷಗಳ ಸಹಜವಾದ ವೃದ್ಧಿಯನ್ನು ಬಿಟ್ಟರೂ, ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಲೆಕ್ಕದಿಂದ ಅಳಿಸಿಹೋದರು. ಕ್ಷಾಮವು ಮನೆಗೆ ಬಂದಾಗ ಮೊದಲು ಕರೆಯುವುದು ಎಳೆಯರನ್ನೂ ಮುದುಕರನ್ನೂ. ಗಂಜಿಕೇಂದ್ರಕ್ಕೆ ನಡೆದುಹೋಗಲಾರದ ತಾಯಿಯನ್ನು ಮನೆಯಲ್ಲಿಯೇ ಬಿಟ್ಟು ಹೊರಟ ಮಗನನ್ನು ಶಾಸನದ ಧರ್ಮವು ಏನೆಂದು ಕೇಳೀತು? ಹಿರಿಯರ ಸೇವೆಯು ನಮ್ಮಲ್ಲಿ ಸ್ವಭಾವಸಿದ್ಧವೆಂದು ಹೊಗಳಿಕೊಳ್ಳುವವರು ಈ ಮೂರು ವರ್ಷಗಳನ್ನು ಮರೆಯಬಾರದೆಂದು ನನಗೆ ತೋರುತ್ತದೆ.

ಆ ಮೇಲೆ 1898ರಲ್ಲಿ ಪ್ಲೇಗು ಸಂಸ್ಥಾನವನ್ನು ಹೊಕ್ಕಿತು. 1918ರಲ್ಲಿ ಇನ್‌ಫ್ಲುಯೆಂಜಾ ಬಂದಿತು. 1911ರಲ್ಲಿ 58 ಲಕ್ಷವಿದ್ದ ಜನಸಂಖ್ಯೆಯು 1921ರಲ್ಲಿ 59 ಲಕ್ಷ 79 ಸಾವಿರಕ್ಕೆ ಮಾತ್ರ ಏರಿತು. ಅಲ್ಲಿಂದ ಮುಂದೆ ದಾರಿ ಬದಲಾಯಿತು. 1931ರಲ್ಲಿ 65 ಲಕ್ಷ, 1941ರಲ್ಲಿ 73 ಲಕ್ಷ, 1951ರಲ್ಲಿ 90 ಲಕ್ಷ. ಜನರು ಹೆಚ್ಚಾಗಿ ಹೆರತೊಡಗಿದುದರಿಂದ ಹೀಗಾಯಿತೆಂದು ಎಣಿಸುವುದು ತಪ್ಪು. ಹೆರುವುದು ಹಿಂದಿನಂತೆಯೇ ಇದ್ದಿತು, ಸಾಯುವುದು ಕಡಮೆಯಾಯಿತು. ಸಿಡುಬಿನ ಚುಚ್ಚುಮದ್ದು, ರೈಲಿನಲ್ಲಿ ಬಂದ ಧಾನ್ಯ, ಎರಡನೆಯ ಮಹಾಯುದ್ಧದ ತರುವಾಯ ಮಲೇರಿಯಾಕ್ಕೆ ಹೊಡೆದ ಡಿ.ಡಿ.ಟಿ., ಇವೇ ಮೊದಲಾದುವು ಸಾವಿನ ಕೈಯನ್ನು ಹಿಡಿದುವು.

ಮೈಸೂರು ಸರ್ಕಾರವು ಇದನ್ನು ಬೇಗ ಕಂಡುಕೊಂಡಿತೆಂಬುದು ನಾವು ಹೆಮ್ಮೆಪಡತಕ್ಕ ಸಂಗತಿ. 1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ಸಂಸ್ಥಾನದ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆಯಾಯಿತು. ಒಂದು ಸರ್ಕಾರವೇ ಇಂಥ ಕೆಲಸಕ್ಕೆ ಕೈಹಾಕಿದುದು ಲೋಕದಲ್ಲಿ ಇದೇ ಮೊದಲೆಂದು ಹೇಳುತ್ತಾರೆ. ಆದರೆ ಬೆಂಗಳೂರಿನ ಆಸ್ಪತ್ರೆಯ ಬಾಗಿಲು ಮೊಳಕಾಲ್ಮೂರಿನ ನೇಕಾರನ ಹೆಂಡತಿಗೆ ಎಷ್ಟು ದೂರ! 1951ರ ಸುಮಾರಿಗೆ ರಾಮನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ದಿನಗಳನ್ನೆಣಿಸುವ ಪದ್ಧತಿಯನ್ನು ಕಲಿಸಿ, ಲೆಕ್ಕ ತಪ್ಪದಿರಲೆಂದು ಹೆಂಗಸರಿಗೆ ಬಣ್ಣದ ಮಣಿಗಳ ಸರವನ್ನು ಕೊಟ್ಟರು. ಫಲ ಮಾತ್ರ ಅಲ್ಪ. ಅದೇ ಕಾಲದಲ್ಲಿ ವಿಶ್ವಸಂಸ್ಥೆಯೂ ಭಾರತ ಸರ್ಕಾರವೂ ಕೂಡಿ ನಡೆಸಿದ ಮೈಸೂರು ಜನಸಂಖ್ಯಾ ಸಮೀಕ್ಷೆಯಲ್ಲಿ, ಹಳ್ಳಿಯವರಲ್ಲಿಯೂ ಅನೇಕರು ಮಕ್ಕಳು ಮಿತವಾಗಿರಲೆಂದೇ ಬಯಸುತ್ತಿದ್ದರೆಂದು ತಿಳಿದುಬಂದಿತು. ಹಳ್ಳಿಗರ ಅಜ್ಞಾನವನ್ನು ದೂರುತ್ತಿದ್ದ ಪಟ್ಟಣಿಗರಿಗೆ ಇದು ಸಾಕಷ್ಟು ಉತ್ತರ.

ಆ ಬಯಕೆಯು ಈಗ ಕೈಗೂಡಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. 2011ರ ಜನಗಣತಿಯಲ್ಲಿಯೇ ಅರುವತ್ತು ದಾಟಿದವರು ರಾಜ್ಯದಲ್ಲಿ ನೂರಕ್ಕೆ ಒಂಬತ್ತೂವರೆಯಷ್ಟಿದ್ದರು. ಜನವೃದ್ಧಿಯ ಭಯವು ತೀರುವುದರೊಳಗೆ ವೃದ್ಧಾಪ್ಯದ ಚಿಂತೆ ಮೊದಲಾಯಿತು.

ಹಿಂದೆ ಮುಪ್ಪಿನವರಿಗೆ ಈ ಸೀಮೆಯಲ್ಲಿ ಕೆಲಸವಿದ್ದಿತು. ಚಳ್ಳಕೆರೆಯ ಕುರುಬರ ಮನೆಗಳಲ್ಲಿ ಕಂಬಳಿಗಾಗಿ ಉಣ್ಣೆಯನ್ನು ನೂಲುವುದು ಮುದುಕಿಯರ ಕೈಕೆಲಸ. ಮ್ಯಾಸನಾಯಕರ ಹಟ್ಟಿಗಳಲ್ಲಿ ದೇವರೆತ್ತುಗಳ ಕಾವಲು, ಗೊಲ್ಲರ ಹಟ್ಟಿಗಳಲ್ಲಿ ಕುರಿಮರಿಗಳ ಆರೈಕೆ ಹಿರಿಯರದು. ಬೀಸುಕಲ್ಲಿನ ಕೆಲಸಕ್ಕೆ ಕೈಸಾಗದಿದ್ದರೂ ಕದಿರಿನ ಕೆಲಸಕ್ಕೆ ಸಾಗುತ್ತಿದ್ದಿತು; ಅದರಿಂದ ಬಂದ ನಾಲ್ಕು ಕಾಸಿನಿಂದ ಮನೆಯಲ್ಲಿ ಅವರ ಮಾತಿಗೊಂದು ತೂಕವಿದ್ದಿತು. ಆದರೆ ಮೇವಿನ ನೆಲ ಕಿರಿದಾಯಿತು. ಸಾಗುವಳಿ ಹೆಚ್ಚಿ ಗೋಮಾಳಗಳು ತುಂಡಾದುವು. ಈ ಶತಮಾನದ ಮೊದಲ ದಶಕದ ಕೊನೆಗೆ ಚಳ್ಳಕೆರೆಯ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗಳು ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಸೇರಿದುವು. ದೇಶಕ್ಕೆ ಬೇಕಾದ ಕೆಲಸವೇ ಇರಬಹುದು. ಕುರಿಯಿಲ್ಲದ ಮೇಲೆ ಕದಿರೂ ಇಲ್ಲ. ಎಣ್ಣೆಯ ಗಿರಣಿಗಳಿಂದ ಚಳ್ಳಕೆರೆಗೆ ಬಂದ ಸಿರಿಯು ಪೇಟೆಯನ್ನು ಬೆಳೆಸಿತಾದರೂ, ಶೇಂಗಾ ಬೆಳೆ ಕೈಕೊಟ್ಟ ವರ್ಷಗಳಲ್ಲಿ ಹಳ್ಳಿಯ ಹರೆಯದವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಟರು. ಹಟ್ಟಿಯಲ್ಲಿ ಉಳಿದವರು ಯಾರೆಂದು ಹೇಳಬೇಕಾದುದಿಲ್ಲ.

ಇನ್ನು ನೀರಿನ ವಿಚಾರ. ಕೆರೆಗಳೂ ತೋಡುಬಾವಿಗಳೂ ಬತ್ತಿದಂತೆಲ್ಲ ಕೊಳವೆಬಾವಿಗಳನ್ನು ಆಳಕ್ಕಿಳಿಸಿದರು. ಈ ಎರಡು ತಾಲ್ಲೂಕುಗಳ ನೆಲದಡಿಯ ಕಗ್ಗಲ್ಲಿನಲ್ಲಿ ಫ್ಲೋರೈಡ್ ಉಂಟು; ನೀರು ಕಲ್ಲಿನೊಡನೆ ಹೆಚ್ಚು ಕಾಲ ಇದ್ದಷ್ಟೂ ಅದು ಹೆಚ್ಚಾಗಿ ಕರಗುತ್ತದೆ. ಕುಡಿಯುವ ಒಂದು ಲೀಟರು ನೀರಿನಲ್ಲಿ ಒಂದೂವರೆ ಮಿಲಿಗ್ರಾಮಿಗಿಂತ ಹೆಚ್ಚಾಗಿ ಇರಬಾರದೆಂಬುದು ಕಟ್ಟಳೆ. ಇಲ್ಲಿನ ಅನೇಕ ಹಳ್ಳಿಗಳಲ್ಲಿ ಅದು ಮೀರಿದೆ. ಎಳೆಯರ ಹಲ್ಲು ಕಂದುಗಟ್ಟುವುದು ಕಣ್ಣಿಗೆ ಕಾಣುತ್ತದೆ. ಇಪ್ಪತ್ತು ಮೂವತ್ತು ವರ್ಷ ಇದೇ ನೀರನ್ನು ಕುಡಿದವರ ಬೆನ್ನೂ ಕೀಲುಗಳೂ ಬಿಗಿಯುವುದು ಮಾತ್ರ ಕಾಣದೆ ನಡೆಯುತ್ತದೆ. ಈ ರೋಗವನ್ನು 1937ರಲ್ಲಿಯೇ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಗುರುತಿಸಿದ್ದರು. ಹಾಗಿದ್ದೂ ನಲವತ್ತೈದರಲ್ಲಿ ಬಾಗಿದವನನ್ನು ನಾವು ‘ವಯಸ್ಸಾಯಿತು’ ಎಂದು ಸಮಾಧಾನಪಡಿಸಿ ಕಳುಹುತ್ತೇವೆ. ಅದು ವಯಸ್ಸಲ್ಲ, ನೀರು. ಶುದ್ಧ ನೀರಿನ ಘಟಕಗಳನ್ನು ಅಲ್ಲಲ್ಲಿ ಇಟ್ಟಿದ್ದಾರೆ. ಅಲ್ಲಿಂದ ಇಪ್ಪತ್ತು ಲೀಟರಿನ ಕ್ಯಾನನ್ನು ಮನೆಗೆ ಹೊತ್ತು ತರಬೇಕಾದವಳು, ಕೀಲು ಬಿಗಿದ ಆ ಮುದುಕಿಯೇ.

ಸರ್ಕಾರವು ಸುಮ್ಮನಿಲ್ಲ. 1995ರಲ್ಲಿ ಕೇಂದ್ರದ ವೃದ್ಧಾಪ್ಯ ವೇತನ ಮೊದಲಾದಾಗ ಅದು ತಿಂಗಳಿಗೆ 75 ರೂಪಾಯಿ. ಮುಂದೆ ಕೇಂದ್ರದ ಪಾಲು 200 ರೂಪಾಯಿ ಆಯಿತು, 2007ರಲ್ಲಿ ರಾಜ್ಯವು ಸಂಧ್ಯಾ ಸುರಕ್ಷಾ ಯೋಜನೆಯನ್ನು ತಂದಿತು. ಅದೇ ವರ್ಷ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯೂ ಆಯಿತು. ಬಂಡೆಯ ಮೇಲೆ ಉಪದೇಶವಾಗಿದ್ದುದು ಹೀಗೆ ದಂಡದ ಬಲದೊಡನೆ ಬಂದಿತು. ಕಾಯಿದೆಯಂತೆ ನ್ಯಾಯಮಂಡಳಿಯು ತಿಂಗಳಿಗೆ 10,000 ರೂಪಾಯಿಗಳವರೆಗೆ ಮಕ್ಕಳಿಂದ ಕೊಡಿಸಬಹುದು. ಮಗನ ಮೇಲೆ ತಾಯಿ ಅರ್ಜಿ ಬರೆಯಿಸುವುದು ನಮ್ಮ ಸೀಮೆಯಲ್ಲಿ ಸುಲಭದ ಮಾತಲ್ಲ; ಬರೆಯಿಸಿದರೂ, ಬೆಂಗಳೂರಿನ ಕೆಲಸದ ಸ್ಥಳದ ತಗಡಿನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳೊಡನೆ ದಿನಗೂಲಿಯಲ್ಲಿ ಇರುವ ಮಗನಿಂದ ಆ ಹಣವನ್ನು ತೆಗೆಯುವ ಬಗೆಯನ್ನು ಕಾಯಿದೆ ಹೇಳಿಲ್ಲ.