ಕಟ್ಟಿಸಿದ ಹಲ್ಲಿನ ಚರಿತ್ರೆ

ಅಮೆರಿಕದ ಪ್ರಥಮ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಕೃತಕ ಹಲ್ಲು ಮರದ್ದೆಂಬುದು ಬರಿಯ ಕಟ್ಟುಕಥೆ. ಅದರಲ್ಲಿದ್ದುದು ನೀರಾನೆಯ ದಂತ, ಲೋಹ, ಮನುಷ್ಯರ ಹಲ್ಲು. 1798ರಲ್ಲಿ ಅದು ಕಪ್ಪಿಟ್ಟಾಗ ದಂತವೈದ್ಯ ಜಾನ್ ಗ್ರೀನ್‌ವುಡ್, ಹುಳಿಯಾದ ಪೋರ್ಟ್ ವೈನ್ ಹೊಳಪನ್ನು ತೆಗೆದುಬಿಡುತ್ತದೆಂದು ಪತ್ರ ಬರೆದು ಎಚ್ಚರಿಸಿದರು. ವಸ್ತುವಿಗೆ ತಕ್ಕ ಆರೈಕೆ ಎಂಬ ಪಾಠ ಅಷ್ಟು ಹಳೆಯದು.

ಹತ್ತೊಂಬತ್ತನೆಯ ಶತಮಾನದ ನಡುವೆ ಗಟ್ಟಿ ರಬ್ಬರಿನ ವಲ್ಕನೈಟ್ ಬಂದಿತು. 1930ರ ದಶಕದ ಕೊನೆಗೆ ಒಸಡಿನ ಬಣ್ಣದ ಅಕ್ರಿಲಿಕ್. ನನ್ನ ಬಾಯಲ್ಲಿರುವುದೂ ಅದೇ. ಹಗುರವಾದರೂ ಅದು ಮೃದು. ಒರಟು ಹಲ್ಲುಪುಡಿಯಿಂದ ಉಜ್ಜಿದರೆ ಗೀರು ಬಿದ್ದು ಅಲ್ಲಿ ಕ್ಯಾಂಡಿಡಾ ಶಿಲೀಂಧ್ರ ಮನೆಮಾಡುತ್ತದೆ. ಕುದಿನೀರಿಗೆ ಹಾಕಿದರೆ ಆಕಾರ ಕೆಡುತ್ತದೆ. ಲೋಹದ ಚೌಕಟ್ಟಿದ್ದರೆ ಬ್ಲೀಚ್ ದ್ರಾವಣ ಅದನ್ನು ಕೊರೆಯುತ್ತದೆ.

ಮೆತ್ತನೆಯ ಬ್ರಷ್ಷು, ಸೌಮ್ಯವಾದ ಸಾಬೂನು, ರಾತ್ರಿ ತಣ್ಣೀರು: ನನ್ನ ಓರಗೆಯವರಿಗೆ ಇಷ್ಟು ಸಾಕು.